ಲಕ್ಷ್ಮಿಗೆ ಒರೆಗಾನೊ

ನಮ್ಮ ಅಡುಗೆಮನೆಯ ಒಂದು ಡ್ರಾಯರ್ ತುಂಬ ಪಿಜ್ಜಾ ಜೊತೆ ಬಂದ ಒರೆಗಾನೊ ಪೊಟ್ಟಣಗಳಿದ್ದವು. ಅಷ್ಟಿದ್ದೂ ನನಗೆ ಗಿಡ ಬೇಕು ಅನ್ನಿಸಿತು. ಬೀಜ ತರಿಸಿದೆ. ಅದರ ಮುಂದೆ ರಾಗಿಕಾಳು ಕುಂಬಳಕಾಯಿ! ಬೆಳಕು ತಾಗಿದರೆ ಮೊಳಕೆ ಚೆನ್ನಾಗಿ ಬರುತ್ತದೆ, ಮೇಲೆ ಮಣ್ಣು ಮುಚ್ಚಬಾರದು ಅಂತ ಓದಿದ್ದೆ. ಸುಮ್ನೆ ಉದುರಿಸಿದೆ. ಆಗಲೇ ಸೀನು ಬಂತು. ಎರಡು ವಾರದ ಮೇಲೆ ಪಕ್ಕದ ಗುಲಾಬಿ ಕುಂಡದಲ್ಲೇ ಮೊಳಕೆ ಜಾಸ್ತಿ.

ಒರೆಗಾನೊ ಮೆಡಿಟರೇನಿಯನ್ ಕಡೆಯ ಗುಡ್ಡದ ಗಿಡ. ಬಿಸಿಲು ಬೇಕು, ನೀರು ಕಮ್ಮಿ ಸಾಕು. ಅತ್ತೆಗೆ ಇದು ಕ್ರೌರ್ಯ ಅನ್ನಿಸಿತು. ತುಳಸಿಗೊಂದು ಚೊಂಬು, ಇದಕ್ಕೊಂದು ಚೊಂಬು ಸುರಿದರು. ಬೇರು ಕೊಳೆಯಿತು. ಉಳಿದ ನಾಲ್ಕು ಸಸಿಗಳನ್ನು ಮರಳು ಬೆರೆಸಿದ ಮಣ್ಣಿಗೆ ಹಾಕಿ ತಾರಸಿಗೆ ಸಾಗಿಸಿದೆ. ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತಲ್ಲ ಅನ್ನೋ ಧೈರ್ಯ. ಕುಡಿ ಚಿವುಟಿದಷ್ಟೂ ಗಿಡ ಪೊದೆಯಾಯಿತು. ಆ ಜಂಬದಲ್ಲಿ ಪೊಟ್ಟಣಗಳನ್ನೆಲ್ಲ ಕಸಕ್ಕೆ ಹಾಕಿದೆ.

ವರಮಹಾಲಕ್ಷ್ಮಿ ಹಬ್ಬ ಬಂತು. ಹೂವಿನ ರೇಟು ಕೇಳಿದವರು ಅಲ್ಲೇ ಬಾಡಿಹೋಗಬೇಕು. ಸಂಜೆ ಆರತಿಗೆ ನಿಂತಾಗ ನೋಡುತ್ತೇನೆ, ಲಕ್ಷ್ಮಿಯ ಕೊರಳಲ್ಲಿ ಕನಕಾಂಬರದ ನಡುನಡುವೆ ನನ್ನ ಒರೆಗಾನೊ.

"ಅತ್ತೆ, ಇದು..."

"ಮರುಗ ಕಣಮ್ಮ. ಮೇಲೆ ಸೊಂಪಾಗಿತ್ತು. ವಾಸನೆ ಮಾತ್ರ ಸ್ವಲ್ಪ ಘಾಟು. ಗೊಬ್ಬರ ಜಾಸ್ತಿ ಹಾಕಿದ್ದೀಯ ನೀನು."

ಜಗಳ ಆಡೋಣ ಅಂದರೆ ಅವರ ತಪ್ಪು ಅರ್ಧವೇ. ಮರುಗವೂ ಒರೆಗಾನೊವೂ ಒರಿಗ್ಯಾನಮ್ ಅನ್ನೋ ಒಂದೇ ಕುಲದವು, ದಾಯಾದಿಗಳು. ಒಂದು ಮಲ್ಲಿಗೆ ಜೊತೆ ಮುಡಿಗೆ ಹೋಯಿತು, ಇನ್ನೊಂದು ಟೊಮ್ಯಾಟೊ ಜೊತೆ ಒಲೆಗೆ. ಮಂಡಿನೋವು ಆವತ್ತು ಎಲ್ಲಿ ಹೋಗಿತ್ತು ಅಂತ ಮಾತ್ರ ಕೇಳಬೇಕಿತ್ತು. ಕೇಳಲಿಲ್ಲ.

ಮಾರನೆಯ ದಿನ ಮಗನ ಗೆಳೆಯರು ಪಿಜ್ಜಾಗೆ ಬರುವವರು. ತಾರಸಿಯಲ್ಲಿ ಬರೀ ಮೋಟು ಕಡ್ಡಿ. "ದೊಡ್ಡಪತ್ರೆ ಹಾಕು, ಅದೂ ಘಮ್ಮಂತಿರುತ್ತೆ" ಅಂದರು ಅತ್ತೆ. ಹೊರದೇಶದಲ್ಲಿ ಅದನ್ನೇ ಕ್ಯೂಬನ್ ಒರೆಗಾನೊ ಅಂತಾರಲ್ವಾ, ಧೈರ್ಯ ಮಾಡಿದೆ. ತಂಬುಳಿಗೇ ಏಳೆಂಟು ಎಲೆ ಸಾಕಾಗುವಾಗ ಪಿಜ್ಜಾಗೆ ಇಪ್ಪತ್ತು ಹೆಚ್ಚಿ ಹಾಕಿದೆ. ಓವನ್ ಬಾಗಿಲು ತೆಗೆದಾಗ ಎಲ್ಲರ ಮೂಗೂ ಬಿಟ್ಟುಕೊಂಡಿತು. ಮಗ ಒಂದು ತುಂಡು ಕಚ್ಚಿ ನನ್ನ ಮುಖ ನೋಡಿದ. "ಅಮ್ಮ, ನನಗೆ ಕೆಮ್ಮು ಇಲ್ವಲ್ಲ?"

ನಿರ್ಮಾಲ್ಯವನ್ನು ಗಿಡದ ಬುಡಕ್ಕೆ ಹಾಕುವ ಅತ್ತೆ ಈ ಸಲ ಹಾರ ಬಿಡಿಸಿ ಮೊರದಲ್ಲಿ ಹರವಿದ್ದರು. ನಾಲ್ಕು ದಿನಕ್ಕೆ ಎಲೆ ಗರಿಗರಿಯಾಯಿತು. ಒರೆಗಾನೊ ಹಸಿಗಿಂತ ಒಣಗಿದಾಗಲೇ ಜೋರು. ಘಮ ಹಾಲ್‌ವರೆಗೂ ಬಂತು. ಒಂದು ಬಟ್ಟಲು ತಂದು ನನ್ನ ಮುಂದಿಟ್ಟರು.

"ನಿನ್ನ ಪೊಟ್ಟಣದಲ್ಲಿ ಇದ್ದಿದ್ದೂ ಒಣಗಿದ್ದೇ ತಾನೇ?"

ಆ ಭಾನುವಾರದ ಪಿಜ್ಜಾ ಚೆನ್ನಾಗಿ ಬಂತು. ಮೇಲೆ ಅಲ್ಲಲ್ಲಿ ಕೇಸರಿ ಚೂರುಗಳೂ ಇದ್ದವು. ಮಗ ಕೇಳಿದ್ದಕ್ಕೆ ಕ್ಯಾರೆಟ್ ಅಂದೆ.