ತರಿತರಿ ಪ್ರೈಮರ್‌ಗೆ ಎರಡನೇ ಕೋಟ್ ಮದ್ದಲ್ಲ

ಹೊರಗೋಡೆಗೆ ಬಣ್ಣಕ್ಕಿಂತ ಮೊದಲು ಹೊಡೆಯುವ ಪ್ರೈಮರ್ ತರಿತರಿಯಾದರೆ ಇನ್ನೊಂದು ಕೋಟ್ ಹೊಡೆದರೆ ಮುಚ್ಚಿಹೋಗುತ್ತೆ ಅಂತ ಒಂದು ಲೇಖನದಲ್ಲಿ ಓದಿದೆ. ಮುಚ್ಚಲ್ಲ, ತರಿ ಇನ್ನೂ ದಪ್ಪಗಾಗುತ್ತೆ.

ಮೊದಲು ಅಂಗೈ ಸವರಿ ನೋಡಿ. ಬಿಳಿ ಪುಡಿ ಅಂಟಿದರೆ ಪ್ರೈಮರ್‌ಗೆ ಬೆರೆಸಿದ ನೀರು ಜಾಸ್ತಿಯಾಗಿದೆ, ಇಲ್ಲವೇ ಧೂಳಿನ ಮೇಲೇ ಹೊಡೆದಿದ್ದಾರೆ. ಅಂಥದ್ದನ್ನು ಕೆರೆದು, ತೊಳೆದು, ಒಣಗಿಸಿ ಮತ್ತೆ ಶುರುಮಾಡಬೇಕು, ಬೇರೆ ದಾರಿಯಿಲ್ಲ. ಮರಳು ಉದುರಿದರೆ ತಪ್ಪು ಗಾರೆಯದು, ಪ್ರೈಮರ್‌ದಲ್ಲ. ಗಟ್ಟಿ ಕಾಳು ಕೈಗೆ ಚುಚ್ಚಿದರೆ ಅದು ಬಕೆಟ್ ಅಂಚಲ್ಲಿ ಒಣಗಿದ ಕೆನೆ ರೋಲರ್‌ಗೆ ಹತ್ತಿಕೊಂಡು ಬಂದದ್ದು. 180 ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮುಂದಿನ ಸಲ ಹಳೇ ನೈಲಾನ್ ಸೀರೆ ತುಂಡಲ್ಲಿ ಸೋಸಿಕೊಳ್ಳಿ, ಜರಡಿಗಿಂತ ವಾಸಿ.

ಪಡುವಣ ಗೋಡೆಗೆ ಮಧ್ಯಾಹ್ನ ಮಾತ್ರ ಹೊಡೆಸಬೇಡಿ. ಕಾದ ಗೋಡೆ ನೀರನ್ನು ತಕ್ಷಣ ಹೀರಿಬಿಡುತ್ತೆ, ಪ್ರೈಮರ್ ಹರಡಿಕೊಳ್ಳುವ ಮೊದಲೇ ಬಿಗಿದು ರೋಲರ್ ಗೆರೆ ಹಾಗೇ ನಿಲ್ಲುತ್ತೆ. ಉದ್ದ ಕೂದಲಿನ ರೋಲರ್ ಆದರಂತೂ ಗೋಡೆ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿಯೇ. ನೀರಿನ ಅಳತೆ ಡಬ್ಬದ ಮೇಲಿದ್ದಷ್ಟೇ, ಮೇಸ್ತ್ರಿಯ ಕಣ್ಣಳತೆ ಬೇಡ. ಹೊಸ ಗಾರೆಯಾದರೆ 28 ದಿನ ಕಾಯಿರಿ, ಮಳೆಗಾಲದಲ್ಲಿ ಇನ್ನೂ ಹೆಚ್ಚು.