ಜರ್ಮನ್ ಕಲಿಯದ ಕನ್ನಡಾಭಿಮಾನಿಗಳಿಗೆ

ಮ್ಯೂನಿಕ್‌ನಲ್ಲಿ ನನಗೆ ಗೊತ್ತಿರುವ ಕನ್ನಡದವರ ಮನೆಗಳಲ್ಲಿ ಹೆಚ್ಚುಕಡಿಮೆ ಒಂದೇ ಏರ್ಪಾಡು. ಸಂಬಳ ಬರುವುದು ಗಂಡನಿಗೆ, ಜರ್ಮನ್ ಬರುವುದು ಹೆಂಡತಿಗೆ. ಬ್ಲೂ ಕಾರ್ಡ್ (ನುರಿತ ವಿದೇಶಿ ನೌಕರರಿಗೆ ಕೊಡುವ ವಾಸದ ಪರವಾನಗಿ) ಹಿಡಿದು ಬಂದ ಎಂಜಿನಿಯರ್‌ಗೆ ಕಚೇರಿಯಲ್ಲಿ ಇಂಗ್ಲಿಷ್ ಸಾಕು. ಮಗುವಿನ ಶಿಶುವಿಹಾರ, ಡಾಕ್ಟರು, ಮನೆ ಮಾಲೀಕರ ಪತ್ರ ಎಲ್ಲವೂ ಹೆಂಡತಿಯ ತಲೆಗೆ. ಹಾಗಾಗಿ ತರಗತಿಗೆ ಹೋಗುವವಳೂ ಅವಳೇ. ನಾನೂ ಹೋದೆ.

ನಾನು ಸೇರಿದ್ದು ವಲಸೆ ಬಂದವರಿಗಾಗಿ ಇರುವ ಸರ್ಕಾರದ ಇಂಟಿಗ್ರೇಷನ್ ಕೋರ್ಸ್‌ಗೆ. ಭಾಷೆಗೆ 600 ಪಾಠ, ದೇಶದ ಕಾನೂನು, ಚರಿತ್ರೆಗೆ 100 ಪಾಠ. ಒಂದೊಂದು 45 ನಿಮಿಷ. ನನ್ನ ಪಕ್ಕದಲ್ಲಿ ಸಿರಿಯಾದ ಅಲೆಪ್ಪೊದಿಂದ ಬಂದ ದರ್ಜಿ, ಎದುರಿಗೆ ಖಾರ್ಕಿವ್‌ನಲ್ಲಿ ಲೆಕ್ಕಪತ್ರ ಬರೆಯುತ್ತಿದ್ದ ಹೆಂಗಸು. ಅವರಿಗೆ ಇಂಗ್ಲಿಷ್ ಬಾರದು. ನನಗೆ ಅರಬ್ಬಿಯೂ ಬಾರದು, ಉಕ್ರೇನಿನ ಭಾಷೆಯೂ ಬಾರದು. ಕಾಫಿ ವಿರಾಮದಲ್ಲಿ ಒಂದು ಮಾತಾಡಬೇಕೆಂದರೂ ಹರುಕುಮುರುಕು ಜರ್ಮನ್ನೇ ಗತಿ. ಇಂಗ್ಲಿಷ್ ಬಲ್ಲವರಷ್ಟೇ ಸೇರುವ ದುಬಾರಿ ಸಂಜೆ ತರಗತಿಗಳಲ್ಲಿ ಈ ಗತಿಗೇಡು ಸಿಗುವುದಿಲ್ಲ. ಅಲ್ಲಿ ಗಂಟೆ ಮುಗಿದ ಕೂಡಲೇ ಎಲ್ಲರೂ ಇಂಗ್ಲಿಷ್‌ಗೆ ಜಾರುತ್ತಾರೆ.

ವ್ಯಾಕರಣಕ್ಕೆ ನಮ್ಮವರು ಹೆದರುವುದು ಅನವಶ್ಯಕ. ಏಳು ವಿಭಕ್ತಿಗಳನ್ನು ಬಾಯಿಪಾಠ ಮಾಡಿ ಬಂದವರಿಗೆ ಜರ್ಮನ್ನಿನ ನಾಲ್ಕು ಏನು ಮಹಾ? ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ ಎಂದು ಶಿಕ್ಷಕಿ ಹೇಳಿದಾಗ ತರಗತಿಯೆಲ್ಲ ತಲೆ ಕೆರೆದುಕೊಂಡಿತು. ನನಗೆ ಊರಿಗೆ ಬಂದಂತಾಯಿತು. ಕಾಡುವುದು ಲಿಂಗ. ಮೇಜು ಗಂಡು, ದೀಪ ಹೆಣ್ಣು, ಹುಡುಗಿ ಮಾತ್ರ ನಪುಂಸಕ! ಅರ್ಥ ನೋಡಿ ಲಿಂಗ ಹೇಳುವ ನಮಗೆ ಇಲ್ಲಿ ಉರು ಹೊಡೆಯುವುದೊಂದೇ ದಾರಿ.

ಭಾಷೆ ಬಾರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಳದಿ ಲಕೋಟೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಸರ್ಕಾರಿ ಕಚೇರಿಯೋ ನ್ಯಾಯಾಲಯವೋ ಕಾನೂನುಬದ್ಧವಾಗಿ ತಲುಪಿಸುವ ಪತ್ರ ಅದರಲ್ಲಿ ಬರುತ್ತದೆ. ಅಂಚೆಯವನು ತಲುಪಿಸಿದ ದಿನಾಂಕವನ್ನು ಲಕೋಟೆಯ ಮೇಲೆಯೇ ಬರೆಯುತ್ತಾನೆ, ಗಡುವು ಅಂದಿನಿಂದ ಶುರು. ಸಂಚಾರ ದಂಡದ ಆದೇಶವಾದರೆ ಆಕ್ಷೇಪಣೆಗೆ ಇರುವುದು ಎರಡೇ ವಾರ. ವಾರಾಂತ್ಯಕ್ಕೆ ನೋಡೋಣ ಎಂದು ಫ್ರಿಜ್ ಮೇಲೆ ಇಟ್ಟವರಿಗೆ ಲಕೋಟೆಯ ಬಣ್ಣದ ಅರ್ಥವೇ ಗೊತ್ತಿರುವುದಿಲ್ಲ.

ಇಷ್ಟಾದರೂ ಗಂಡಸರು ತರಗತಿಯ ಬಾಗಿಲಿಗೆ ಬರುವುದು ಕಾಯಂ ವಾಸದ ಲೆಕ್ಕ ಹಾಕುವಾಗ. ಬ್ಲೂ ಕಾರ್ಡ್ ಇದ್ದವರಿಗೆ ಎ1 ಮಟ್ಟದ, ಅಂದರೆ ತೀರಾ ಆರಂಭದ ಜರ್ಮನ್ ಇದ್ದರೆ 27 ತಿಂಗಳಿಗೆ, ದಿನನಿತ್ಯದ ವ್ಯವಹಾರಕ್ಕೆ ಸಾಕಾಗುವ ಬಿ1 ಇದ್ದರೆ 21 ತಿಂಗಳಿಗೆ ಅದು ಸಿಗುತ್ತದೆ. ಆರು ತಿಂಗಳ ಆಸೆಗಾದರೂ ಪುಸ್ತಕ ತೆರೆಯುತ್ತಾರೆ ಎಂಬುದು ಒಳ್ಳೆಯದೇ. ನನಗೆ ಸಿಟ್ಟು ಬರುವುದು ಬೇರೆ ಕಡೆ. ಇದೇ ಜನ, ಎಂಟು ಹತ್ತು ವರ್ಷದಿಂದ ಬೇಕರಿಯಲ್ಲಿ ಬ್ರೆಡ್ಡನ್ನು ಬೆರಳು ತೋರಿಸಿ ಕೊಳ್ಳುತ್ತಿರುವವರು, ರಾತ್ರಿ ಫೇಸ್‌ಬುಕ್ಕಿಗೆ ಬಂದು ‘ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ, ಇಲ್ಲದಿದ್ದರೆ ಹೊರಡಲಿ’ ಎಂದು ಗುಡುಗುತ್ತಾರೆ. ಕಲಿಯಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಗುಡುಗಿನಿಂದ ಯಾರೂ ಭಾಷೆ ಕಲಿಯುವುದಿಲ್ಲ ಎಂಬುದಕ್ಕೆ ಈ ಗುಡುಗುವವರೇ ಸಾಕ್ಷಿ.

ಬಂದವರಿಗೆ ಭಾಷೆ ಕಲಿಸುವ ಏರ್ಪಾಡನ್ನು ತಾನೇ ಮಾಡಬೇಕು ಎಂಬುದನ್ನು ಜರ್ಮನಿಯೂ ಕಷ್ಟಪಟ್ಟೇ ಕಲಿಯಿತು. 1955ರಲ್ಲಿ ಇಟಲಿಯೊಂದಿಗೆ, 1961ರಲ್ಲಿ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನು ಕರೆಸಿತು. ದುಡಿದು ಊರಿಗೆ ಹೋಗುವವರಿಗೆ ಭಾಷೆ ಯಾಕೆ ಎಂದುಕೊಂಡಿತು. ಲಕ್ಷಾಂತರ ಜನ ಹೋಗಲಿಲ್ಲ. ಕಾನೂನಿನ ಪ್ರಕಾರ ಇಂಟಿಗ್ರೇಷನ್ ಕೋರ್ಸ್ ಬಂದದ್ದು 2005ರಲ್ಲಿ, ಆ ಕಾರ್ಮಿಕರ ಮೊಮ್ಮಕ್ಕಳು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ. ಈಗ ತರಗತಿಯೂ ಇದೆ, ಪರೀಕ್ಷೆಯೂ ಇದೆ, ಪಾಸಾದರೆ ಕೈಗೆ ಸಿಗುವ ಲಾಭವೂ ಇದೆ. ಬೆಂಗಳೂರಿನಲ್ಲಿಯೂ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ತರಗತಿಗಳಿವೆ, ಸಂಘಸಂಸ್ಥೆಗಳ ಪ್ರಯತ್ನಗಳಿವೆ. ಆದರೆ ಕಲಿತವನಿಗೆ ಏನು ಸಿಗುತ್ತದೆ ಎಂದು ಕೇಳಿದರೆ ಉತ್ತರವಿಲ್ಲ.

ನವೆಂಬರ್‌ನಲ್ಲಿ ಇಲ್ಲಿಯೂ ರಾಜ್ಯೋತ್ಸವ ನಡೆಯುತ್ತದೆ, ಕನ್ನಡ ಉಳಿಸಿ ಎಂಬ ಭಾಷಣಗಳೂ ಆಗುತ್ತವೆ. ಈ ಸಲ ಭಾಷಣಕಾರರಿಗೆ ಸಭೆಯಲ್ಲೇ ಎದ್ದುನಿಂತು ಜರ್ಮನ್ ಎಲ್ಲಿಯವರೆಗೆ ಬಂತು ಎಂದು ಕೇಳುವವಳಿದ್ದೇನೆ. ನನ್ನ ಯಜಮಾನರೂ ಆ ಪಟ್ಟಿಯಲ್ಲಿದ್ದಾರೆ. ಮನೆಗೆ ಹೋದ ಮೇಲಿನ ಮಾತು ನನಗೆ ಬಿಡಿ.