ಬಾಧಿತರಾಗುವವರ ಲೆಕ್ಕ ಬರೆಯುವವರು ಯಾರು?

ನಮ್ಮಲ್ಲಿ ಕರಡು ನಿಯಮ ರಾಜ್ಯಪತ್ರದಲ್ಲಿ ಬಂದಾಗ ಮೊದಲಿಗೇ ಒಂದು ಉದ್ದನೆಯ ಸಾಲು ಇರುತ್ತದೆ. ಇದರಿಂದ ಬಾಧಿತರಾಗುವ ಸಂಭವವಿರುವ ಎಲ್ಲ ವ್ಯಕ್ತಿಗಳ ಮಾಹಿತಿಗಾಗಿ ಕರಡನ್ನು ಪ್ರಕಟಿಸಲಾಗಿದೆ, ಆಕ್ಷೇಪಣೆ ಅಥವಾ ಸಲಹೆ ಇದ್ದರೆ ಇಂತಿಷ್ಟು ದಿನದೊಳಗೆ ಕಳಿಸಿ ಅಂತ. ಈ ಮಾತಿನ ಬೇರು 1897ರ ಜನರಲ್ ಕ್ಲಾಸಸ್ ಕಾಯ್ದೆಯ 23ನೇ ಸೆಕ್ಷನ್‌ನಲ್ಲಿದೆ. ಭಾರತದಲ್ಲಿದ್ದಾಗ ಈ ಸಾಲನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಓದಿ ಮುಂದಕ್ಕೆ ಹೋಗುತ್ತಿದ್ದೆ. ಬಾಧಿತರಾಗುವವರು ಯಾರು, ಎಷ್ಟು ಜನ, ಅವರಿಗೆ ಆಗುವ ಬಾಧೆ ಎಷ್ಟು ಅನ್ನುವುದು ಆ ಹಾಳೆಗಳಲ್ಲಿ ಎಲ್ಲೂ ಇಲ್ಲ ಅಂತ ನನಗೆ ಆಗ ಹೊಳೆದೇ ಇರಲಿಲ್ಲ.

ಹೊಳೆದದ್ದು ಇಂಗ್ಲೆಂಡಿಗೆ ಬಂದು ಕೆಲವು ವರ್ಷ ಆದ ಮೇಲೆ. ನಾನು ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮ ಕೆಲಸಕ್ಕೆ ಸಂಬಂಧಪಟ್ಟ ಒಂದು ನಿಯಮ ಬದಲಾಗುವುದಿತ್ತು. ಕರಡಿನ ಜೊತೆಗೆ ಇನ್ನೊಂದು ಕಡತವೂ ಇತ್ತು, ಇಂಪ್ಯಾಕ್ಟ್ ಅಸೆಸ್ಮೆಂಟ್ ಅಂತ. ಅಂದರೆ ಈ ನಿಯಮ ಬಂದರೆ ಏನೇನು ಆದೀತು ಅನ್ನುವ ಅಂದಾಜು. ನೋಡಿ ಒಂದು ಪುಟದ ಟಿಪ್ಪಣಿ ಮಾಡಿಕೊಡಿ ಅಂದರು ನಮ್ಮ ಮೇಲಿನವರು. ಅವತ್ತು ಸಂಜೆ ಕೂತು ಓದಿದೆ.

ಮೊದಲ ಪುಟದಲ್ಲೇ ಒಂದು ಕೋಷ್ಟಕ. ತೊಂದರೆ ಏನು, ಸರ್ಕಾರ ಯಾಕೆ ಕೈ ಹಾಕಬೇಕು, ಯಾವ ಯಾವ ದಾರಿ ಯೋಚಿಸಿದ್ದೇವೆ. ದಾರಿಗಳ ಪಟ್ಟಿಯಲ್ಲಿ ಮೊದಲನೆಯದು 'ಏನೂ ಮಾಡದೆ ಇರುವುದು'. ಸುಮ್ನೆ ಇದ್ದರೆ ಏನಾಗುತ್ತದೆ ಅನ್ನುವುದನ್ನೂ ಬರೆದು, ಉಳಿದ ದಾರಿಗಳನ್ನು ಅದರ ಪಕ್ಕ ಇಟ್ಟು ತೂಗಬೇಕು. ಕೆಳಗೆ ಮಂತ್ರಿಯ ಸಹಿ. ನಾನು ಇದನ್ನು ಓದಿದ್ದೇನೆ, ಕೈಯಲ್ಲಿರುವ ಆಧಾರಗಳ ಮಟ್ಟಿಗೆ ಖರ್ಚು ಮತ್ತು ಲಾಭದ ಈ ಅಂದಾಜು ಸರಿಯಾಗಿದೆ ಅಂತ ನನಗೆ ಸಮಾಧಾನವಿದೆ, ಅನ್ನುವ ಅರ್ಥದ ಒಂದು ಸಾಲಿನ ಕೆಳಗೆ ಆ ಸಹಿ.

ನನ್ನ ಕಣ್ಣು ನಿಂತದ್ದು ಒಳಗಿನ ಒಂದು ಪುಟದಲ್ಲಿ. ಹೊಸ ನಿಯಮವನ್ನು ಓದಿ ಅರ್ಥ ಮಾಡಿಕೊಳ್ಳಲು ಜನರಿಗೆ ಹಿಡಿಯುವ ಸಮಯವನ್ನು ಅಲ್ಲಿ ಲೆಕ್ಕ ಹಾಕಿದ್ದರು! ಮಾರ್ಗಸೂಚಿಯಲ್ಲಿ ಎಷ್ಟು ಪದ, ಒಬ್ಬರು ನಿಮಿಷಕ್ಕೆ ಎಷ್ಟು ಪದ ಓದುತ್ತಾರೆ, ಓದುವವರ ಸಂಬಳ ಗಂಟೆಗೆ ಎಷ್ಟು, ಅಂಥವರು ಒಟ್ಟು ಎಷ್ಟು ಮಂದಿ. ಎಲ್ಲ ಗುಣಿಸಿ ಕೊನೆಗೆ ಒಂದು ಮೊತ್ತ. ನಿಯಮ ಪಾಲಿಸುವ ಮಾತು ಆಮೇಲೆ. ಬರೀ ಓದುವುದಕ್ಕೇ ಇಷ್ಟು ಖರ್ಚು ಅಂತ.

ನಾವೂ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. 2 ಲಕ್ಷ ಅಂಗಡಿಗಳಿಗೆ ಅನ್ವಯಿಸುವ ಒಂದು ಸುತ್ತೋಲೆ ಬಂತು ಅಂತ ಇಟ್ಟುಕೊಳ್ಳಿ. ಓದಿ ತಿಳಿದುಕೊಳ್ಳಲು ತಲಾ ಅರ್ಧ ಗಂಟೆ. ಒಟ್ಟು 1 ಲಕ್ಷ ಗಂಟೆ ಆಯಿತು. ದಿನಕ್ಕೆ 8 ಗಂಟೆ, ವರ್ಷಕ್ಕೆ 250 ದಿನ ದುಡಿದರೆ ಒಬ್ಬರಿಗೆ 2,000 ಗಂಟೆ. ಅಂದರೆ 50 ಜನ ಇಡೀ ವರ್ಷ ಬೇರೇನೂ ಮಾಡದೆ ಆ ಒಂದು ಸುತ್ತೋಲೆ ಓದುತ್ತಾ ಕೂತಷ್ಟು ಸಮಯ. ಅದರ ಭಾಷೆ ತೊಡಕಾಗಿದ್ದು ಅರ್ಧ ಗಂಟೆ ಒಂದು ಗಂಟೆಯಾದರೆ 100 ಜನ. ಈ ಸಮಯ ಯಾರ ಬಜೆಟ್‌ನಲ್ಲೂ ಕಾಣಿಸುವುದಿಲ್ಲ, ಆದರೆ ಹೋಗುವುದಂತೂ ನಿಜ.

ಭಾರತದಲ್ಲಿ ನಾನೂ ಇಂಥದೇ ಕೆಲಸದಲ್ಲಿದ್ದೆ. ತಿಂಗಳ ಕೊನೆ ವಾರದಲ್ಲಿ ನಮೂನೆ ಬದಲಾಗಿದೆ, ಈ ತಿಂಗಳಿಂದಲೇ ಜಾರಿ ಅನ್ನುವ ಆದೇಶ ಬರುತ್ತಿತ್ತು. ರಾತ್ರಿ ಹತ್ತರವರೆಗೆ ಕೂತು ಹಳೆಯ ಲೆಕ್ಕವನ್ನು ಹೊಸ ನಮೂನೆಗೆ ಇಳಿಸುತ್ತಿದ್ದೆವು. ಸರ್ಕಾರ ಅಂದರೆ ಹೀಗೇ ಇರುತ್ತದೆ ಅಂದುಕೊಂಡಿದ್ದೆವು. ನಮ್ಮ ಆ ಗಂಟೆಗಳನ್ನು ಯಾರಾದರೂ ಮೊದಲೇ ಎಣಿಸಬಹುದಿತ್ತು ಅನ್ನುವ ಯೋಚನೆಯೇ ನಮಗೆ ಬಂದಿರಲಿಲ್ಲ.

ಹಾಗಂತ ನಮ್ಮಲ್ಲಿ ಏನೂ ಇಲ್ಲ ಅಂದರೆ ತಪ್ಪಾಗುತ್ತದೆ. ಮಸೂದೆ ಜೊತೆ ಹಣಕಾಸು ಜ್ಞಾಪನ ಪತ್ರ ಇಡುವ ಪದ್ಧತಿ ಇದೆ. ಆದರೆ ಅದು ಹೇಳುವುದು ಸರ್ಕಾರದ ಖಜಾನೆಗೆ ಆಗುವ ಖರ್ಚನ್ನು. ಜನರ ಜೇಬಿನ ಖರ್ಚು ಅಲ್ಲಿ ಬರುವುದಿಲ್ಲ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಶಾಸನಪೂರ್ವ ಸಮಾಲೋಚನೆಯ ನೀತಿ ಅಂತ ಒಂದನ್ನು ತಂದಿತು. ಕರಡನ್ನು ಕನಿಷ್ಠ 30 ದಿನ ಜನರ ಮುಂದೆ ಇಡಬೇಕು, ಹಣಕಾಸಿನ ಹೊರೆ, ಪರಿಸರ, ಮೂಲಭೂತ ಹಕ್ಕು, ಬಾಧಿತರಾಗುವವರ ಬದುಕು ಮತ್ತು ಜೀವನೋಪಾಯದ ಮೇಲಿನ ಪರಿಣಾಮ ಇವನ್ನೆಲ್ಲ ಅದರ ಜೊತೆಗೆ ತಿಳಿಸಬೇಕು ಅಂತ. ಓದಿದರೆ ಎಷ್ಟು ಚೆನ್ನಾಗಿದೆ ಅನಿಸುತ್ತದೆ. ತೊಡಕು ಇರುವುದು ಒಂದೇ ಕಡೆ. ಅದು ನೀತಿ, ಕಾನೂನಲ್ಲ. ಪಾಲಿಸದಿದ್ದರೆ ಕೇಳುವವರಿಲ್ಲ.

2016ರ ಕಾಲ್ ಡ್ರಾಪ್ ತೀರ್ಪು ನೆನಪಿದೆಯಾ? ಕರೆ ಮಧ್ಯದಲ್ಲಿ ಕಡಿದರೆ ಗ್ರಾಹಕರಿಗೆ 1 ರೂಪಾಯಿ, ದಿನಕ್ಕೆ ಹೆಚ್ಚೆಂದರೆ 3 ರೂಪಾಯಿ ಕೊಡಬೇಕು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹಿಂದಿನ ವರ್ಷ ನಿಯಮ ಮಾಡಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಜನರಿಗೆ ಒಳ್ಳೆಯದಾಗಲಿ ಅಂತಲೇ ಮಾಡಿದ ನಿಯಮ ಅದು. ಆದರೂ ಬಂದ ಅಭಿಪ್ರಾಯಗಳಿಗೆ ಕಾರಣ ಸಹಿತ ಉತ್ತರ ಕೊಡುವ ಕೆಲಸ ಸರಿಯಾಗಿ ಆಗಿಲ್ಲ ಅನ್ನುವುದು ಕೋರ್ಟಿನ ಮಾತುಗಳಲ್ಲಿ ಒಂದು. ಅದೇ ತೀರ್ಪಿನಲ್ಲಿ ಕೋರ್ಟು ಅಮೆರಿಕದ ಉದಾಹರಣೆ ಕೊಟ್ಟು, ನಿಯಮ ಮಾಡುವ ಮೊದಲು ಜನರನ್ನು ಕೇಳುವುದನ್ನು ಸಂಸತ್ತು ಕಾನೂನಾಗಿಯೇ ತರಬಾರದೇ ಅಂತ ಸೂಚಿಸಿತು. ಅಮೆರಿಕದಲ್ಲಿ ಅಂಥ ಕಾನೂನು 1946ರಿಂದ ಇದೆ. ದೊಡ್ಡ ನಿಯಮಗಳಿಗೆ ಖರ್ಚು ಮತ್ತು ಲಾಭದ ಲೆಕ್ಕ ಕೊಡಬೇಕು ಅನ್ನುವ ಆದೇಶ 1981ರಿಂದ ಇದೆ.

ಇಂಗ್ಲೆಂಡಿನ ಪದ್ಧತಿಯನ್ನೇ ಕಣ್ಣುಮುಚ್ಚಿ ತನ್ನಿ ಅಂತ ನಾನು ಹೇಳಲಾರೆ. ಇದರ ಕೆಟ್ಟ ಮುಖವೂ ಗೊತ್ತು. ಎಷ್ಟೋ ಸಲ ತೀರ್ಮಾನ ಮೊದಲೇ ಆಗಿರುತ್ತದೆ, ಅದಕ್ಕೆ ಹೊಂದುವ ಲೆಕ್ಕ ಆಮೇಲೆ ಬರುತ್ತದೆ. ಈ ಅಂದಾಜುಗಳನ್ನು ತಪಾಸಣೆ ಮಾಡಲು 2009ರಲ್ಲಿ ಒಂದು ಸ್ವತಂತ್ರ ಸಮಿತಿ ಮಾಡಿದ್ದಾರೆ, ರೆಗ್ಯುಲೇಟರಿ ಪಾಲಿಸಿ ಕಮಿಟಿ ಅಂತ. ಲೆಕ್ಕ ಸರಿಯಿಲ್ಲ ಅಂದರೆ ಅದು ಕೆಂಪು ಗುರುತು ಹಾಕುತ್ತದೆ. ಹಾಗಿದ್ದೂ ಸರ್ಕಾರ ಮುಂದುವರಿಯಬಹುದು, ಮುಂದುವರಿದದ್ದೂ ಇದೆ. ಆದರೆ ಆ ಕೆಂಪು ಗುರುತು ಎಲ್ಲರಿಗೂ ಕಾಣುವ ಹಾಗೆ ಉಳಿಯುತ್ತದೆ. ವಿರೋಧ ಪಕ್ಷದವರು, ಪತ್ರಿಕೆಯವರು ಅದನ್ನು ಹಿಡಿದು ಕೇಳುತ್ತಾರೆ.

ಇದಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಒಂದೇ ಕಡೆಯ ಲೆಕ್ಕ. 2011ರಲ್ಲಿ ಇಲ್ಲಿ 'ಒಂದು ನಿಯಮ ಒಳಗೆ, ಒಂದು ಹೊರಗೆ' ಅನ್ನುವ ಪದ್ಧತಿ ತಂದರು. ಹೊಸ ನಿಯಮದಿಂದ ವ್ಯಾಪಾರಕ್ಕೆ ಎಷ್ಟು ಖರ್ಚು ಬೀಳುತ್ತದೋ ಅಷ್ಟು ಖರ್ಚಿನ ಹಳೆ ನಿಯಮವನ್ನು ತೆಗೆಯಬೇಕು. 2013ರಲ್ಲಿ ಅದು ಒಂದಕ್ಕೆ ಎರಡಾಯಿತು. ಎಣಿಸುತ್ತಿದ್ದದ್ದು ವ್ಯಾಪಾರದ ಖರ್ಚನ್ನು ಮಾತ್ರ. 2017ರ ಜೂನ್ 14ರ ನಡುರಾತ್ರಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿತ್ತು. 72 ಜನ ಸತ್ತರು. ಕಟ್ಟಡದ ಹೊರಮೈಗೆ ಹೊದಿಸಿದ್ದ ಹಲಗೆಗಳೇ ಬೆಂಕಿಯನ್ನು ಮೇಲಕ್ಕೆ ಒಯ್ದವು. 2024ರ ಸೆಪ್ಟೆಂಬರ್‌ನಲ್ಲಿ ಬಂದ ವಿಚಾರಣಾ ವರದಿ ಸ್ಪಷ್ಟವಾಗಿ ಹೇಳಿತು. ನಿಯಮ ಕಡಿಮೆ ಮಾಡಬೇಕು ಅನ್ನುವ ಸರ್ಕಾರದ ಹಟ ಸಂಬಂಧಪಟ್ಟ ಇಲಾಖೆಯ ಯೋಚನೆಯನ್ನು ಎಷ್ಟು ಆವರಿಸಿತ್ತೆಂದರೆ, ಜೀವ ಉಳಿಸುವ ವಿಷಯಗಳೂ ಬದಿಗೆ ಸರಿದವು, ತಡವಾದವು. ಆ ವರದಿಯ ಸಾರಾಂಶ ಓದಿದ ದಿನ ನನಗೆ ಊಟ ಸೇರಲಿಲ್ಲ. ಎಣಿಸುವ ಪದ್ಧತಿಯನ್ನು ಅಷ್ಟು ಮೆಚ್ಚಿಕೊಂಡಿದ್ದ ನನಗೆ, ಯಾವುದನ್ನು ಎಣಿಸುತ್ತೀರಿ ಅಂತ ಮೊದಲು ಕೇಳಬೇಕು ಅನ್ನುವುದು ಅವತ್ತು ಮನಸ್ಸಿಗೆ ನಾಟಿತು.

ಎರಡೂ ಕಡೆ ಎಣಿಸಿದರೆ ಫಲ ಬೇರೆಯೇ ಆಗುತ್ತದೆ. ಅಮೆರಿಕದಲ್ಲಿ 1982ರ ಸುಮಾರಿಗೆ ಪೆಟ್ರೋಲಿನಲ್ಲಿ ಸೀಸ ಬೆರೆಸುವ ಮಿತಿಯನ್ನು ಸಡಿಲಿಸುವ ಮಾತು ನಡೆದಿತ್ತು. ಲೆಕ್ಕಕ್ಕೆ ಕೂತವರು ಮಕ್ಕಳ ಆರೋಗ್ಯ, ಚಿಕಿತ್ಸೆ, ವಾಹನಗಳ ದುರಸ್ತಿ ಎಲ್ಲವನ್ನೂ ಸೇರಿಸಿದರು. ಸೀಸ ತೆಗೆದರೆ ಬರುವ ಲಾಭ ಖರ್ಚಿಗಿಂತ ಎಷ್ಟೋ ಪಟ್ಟು ಜಾಸ್ತಿ ಅಂತ ಗೊತ್ತಾಯಿತು. ಸಡಿಲವಾಗಬೇಕಿದ್ದ ಮಿತಿ ಬಿಗಿಯಾಯಿತು. ಗ್ಯಾಲನ್ನಿಗೆ 1.1 ಗ್ರಾಂ ಇದ್ದದ್ದು 1986ರ ಜನವರಿಯಿಂದ 0.1 ಗ್ರಾಂ.

ಹಣದ ತಕ್ಕಡಿಗೆ ಹತ್ತದ ಸಂಗತಿಗಳೂ ಇವೆ. ಕಾರು ಹಿಂದಕ್ಕೆ ತೆಗೆಯುವಾಗ ಹಿಂದೆ ನಿಂತ ಪುಟ್ಟ ಮಕ್ಕಳು ಕಾಣುವುದಿಲ್ಲ. ಎಷ್ಟೋ ಸಲ ಸ್ಟೀರಿಂಗ್ ಹಿಡಿದವರು ಆ ಮಗುವಿನ ಅಪ್ಪ ಅಥವಾ ಅಮ್ಮನೇ ಆಗಿರುತ್ತಾರೆ. ಎಲ್ಲ ಹೊಸ ಕಾರುಗಳಲ್ಲೂ ಹಿಂಬದಿ ಕ್ಯಾಮೆರಾ ಇರಬೇಕು ಅನ್ನುವ ನಿಯಮಕ್ಕೆ ಅಮೆರಿಕದಲ್ಲಿ ಲೆಕ್ಕ ಹಾಕಿದಾಗ, ಹಣದ ರೂಪದಲ್ಲಿ ಖರ್ಚೇ ಲಾಭಕ್ಕಿಂತ ಹೆಚ್ಚಾಯಿತು. ಆದರೂ 2014ರಲ್ಲಿ ನಿಯಮ ಮಾಡಿದರು, 2018ರ ಮೇ ತಿಂಗಳಿಂದ ಪೂರ್ತಿ ಜಾರಿಗೆ ತಂದರು. ಲೆಕ್ಕವನ್ನು ಬಚ್ಚಿಡಲಿಲ್ಲ. ಖರ್ಚು ಹೆಚ್ಚಿದೆ, ಆದರೆ ಹೆತ್ತವರ ಆ ನೋವಿಗೆ ಬೆಲೆ ಕಟ್ಟಲಾಗದು, ಹಾಗಾಗಿ ಮಾಡುತ್ತಿದ್ದೇವೆ ಅಂತ ಬರೆದೇ ಮಾಡಿದರು. ನನಗೆ ಬೇಕಾಗಿರುವುದು ಈ ನೇರ ಮಾತು.

ಇನ್ನು ಭಾಷೆ. ಕನ್ನಡಿಗನಾಗಿ ನನ್ನನ್ನು ಜಾಸ್ತಿ ಕಾಡುವುದು ಇದೇ. ಪಕ್ಕದ ವೇಲ್ಸ್‌ನಲ್ಲಿ 2021ರ ಜನಗಣತಿಯ ಪ್ರಕಾರ ವೆಲ್ಶ್ ಬಲ್ಲವರು ಸುಮಾರು 5 ಲಕ್ಷ 38 ಸಾವಿರ. ಅಷ್ಟು ಜನರಿಗೆ ಅಲ್ಲಿನ ಸರ್ಕಾರ ತನ್ನ ಸಮಾಲೋಚನೆಯ ಕಡತಗಳನ್ನು ವೆಲ್ಶ್ ಮತ್ತು ಇಂಗ್ಲಿಷ್ ಎರಡರಲ್ಲೂ ಕೊಡುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. 2011ರ ವೆಲ್ಶ್ ಭಾಷಾ ಶಾಸನದ ಕೆಳಗೆ ಬಂದ ಮಾನದಂಡಗಳ ಪ್ರಕಾರ, ನೀತಿ ಮಾಡುವಾಗ ವೆಲ್ಶ್ ಬಳಸುವ ಅವಕಾಶದ ಮೇಲೆ ಅದರ ಪರಿಣಾಮ ಏನು ಅಂತಲೂ ನೋಡಬೇಕು. ಖರ್ಚಿನ ಹಾಗೆ, ಪರಿಸರದ ಹಾಗೆ, ಭಾಷೆಗೂ ಒಂದು ಖಾನೆ.

ನಾವು 4 ಕೋಟಿಗೂ ಜಾಸ್ತಿ ಇದ್ದೇವೆ. 2020ರಲ್ಲಿ ಕೇಂದ್ರದ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಕರಡು ಬಂದಾಗ ಅದು ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಗಣಿ, ಅಣೆಕಟ್ಟು, ಕಾರ್ಖಾನೆಗಳ ಪಕ್ಕ ಬದುಕುವವರಿಗೆ ನೇರವಾಗಿ ತಟ್ಟುವ ಕರಡು ಅದು. ಸಂವಿಧಾನದ 8ನೇ ಅನುಸೂಚಿಯ 22 ಭಾಷೆಗಳಿಗೂ ಅನುವಾದ ಮಾಡಿಸಿ ಅಂತ ದೆಹಲಿ ಹೈಕೋರ್ಟ್ ಆ ವರ್ಷದ ಜೂನ್ 30ರಂದು ಹೇಳಬೇಕಾಯಿತು. ಕೇಂದ್ರ ಅದನ್ನು ಒಪ್ಪದೆ ಸುಪ್ರೀಂ ಕೋರ್ಟಿಗೆ ಹೋಯಿತು. ಓದಲಾಗದ ಕರಡಿಗೆ ಆಕ್ಷೇಪಣೆ ಕಳಿಸಿ ಅಂದರೆ ಹೇಗೆ ಕಳಿಸೋದು? ಆ ಸುದ್ದಿಯನ್ನು ಇಲ್ಲಿ ಕೂತು ಓದುವಾಗ ಸಂಕಟವಾಯಿತು.

ಆದರೆ ಇಲ್ಲಿಯವರು ನಮ್ಮಿಂದ ಕಲಿಯುವುದೂ ಇದೆ. ಇಲ್ಲಿನ ಸಮಾಲೋಚನೆ ಹೆಚ್ಚಾಗಿ ಬರವಣಿಗೆಯಲ್ಲೇ ನಡೆಯುತ್ತದೆ. ಆನ್‌ಲೈನ್ ಫಾರಂ, ನಲವತ್ತು ಪ್ರಶ್ನೆ. ಉತ್ತರ ಬರೆಯುವವರು ಬಹುಪಾಲು ಸಂಘಟನೆಗಳು, ದೊಡ್ಡ ಕಂಪನಿಗಳು, ಇಲ್ಲ ನನ್ನ ಹಾಗೆ ಅದೇ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುವವರು. ನಮ್ಮ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಪರಿಷ್ಕರಣೆಯ ವಿಚಾರಣೆ ನೋಡಿ. ದರ ನಿಗದಿಗೆ ಮೊದಲು ಜನರ ಆಕ್ಷೇಪಣೆ ಪರಿಗಣಿಸಬೇಕು ಅಂತ 2003ರ ವಿದ್ಯುಚ್ಛಕ್ತಿ ಕಾಯ್ದೆಯೇ ಹೇಳುತ್ತದೆ. ರೈತರು ಎದ್ದು ನಿಂತು, ಕನ್ನಡದಲ್ಲಿ, ಮುಖಾಮುಖಿ ಕೇಳುತ್ತಾರೆ. ಆಮೇಲೆ ಬರುವ ಆದೇಶದಲ್ಲಿ ಆಕ್ಷೇಪಣೆ ಏನು, ಎಸ್ಕಾಂ ಕೊಟ್ಟ ಉತ್ತರ ಏನು, ಆಯೋಗದ ಅಭಿಪ್ರಾಯ ಏನು ಅಂತ ಬರೆದಿರುತ್ತದೆ. ಕೇಳಿದ್ದೆಲ್ಲ ಸಿಗುತ್ತದೆ ಅಂತಲ್ಲ. ಆದರೆ ಕೇಳಿದವನ ಮಾತು ದಾಖಲೆಯಲ್ಲಿ ಉಳಿಯುತ್ತದೆ, ಪಕ್ಕದಲ್ಲೇ ಉತ್ತರವೂ ಇರುತ್ತದೆ. ದಿವಾಳಿ ಪ್ರಕರಣಗಳ ನಿಯಮ ಮಾಡುವ ಕೇಂದ್ರದ ದಿವಾಳಿತನ ಮಂಡಳಿ 2018ರಲ್ಲೇ ತನಗೆ ತಾನೇ ನಿಯಮ ಹಾಕಿಕೊಂಡು, ಕರಡಿನ ಜೊತೆ ಆರ್ಥಿಕ ವಿಶ್ಲೇಷಣೆ ಕೊಡಬೇಕು, 21 ದಿನ ಜನರ ಅಭಿಪ್ರಾಯಕ್ಕೆ ಬಿಡಬೇಕು ಅಂದಿತು. ಅಂದಮೇಲೆ ನಮ್ಮವರಿಗೆ ಮಾಡೋದು ಗೊತ್ತಿದೆ. ಒಂದು ಆಯೋಗಕ್ಕೆ, ಒಂದು ಮಂಡಳಿಗೆ ಆಗುವುದು ಎಲ್ಲ ಇಲಾಖೆಗಳಿಗೂ ಯಾಕೆ ಆಗಬಾರದು?

ನಾನು ಕೇಳುವುದು ನೂರು ಪುಟದ ವರದಿಯನ್ನಲ್ಲ. ಅಷ್ಟು ದೊಡ್ಡದು ಮಾಡಿದರೆ ಅದನ್ನೂ ಯಾರೋ ಕನ್ಸಲ್ಟೆಂಟ್ ಬರೆದುಕೊಟ್ಟು ದುಡ್ಡು ತೆಗೆದುಕೊಂಡು ಹೋಗುತ್ತಾರೆ. ಎರಡು ಪುಟ ಸಾಕು, ಕನ್ನಡದಲ್ಲಿ. ಯಾರಿಗೆ ತಟ್ಟುತ್ತದೆ, ಸುಮಾರು ಎಷ್ಟು ಜನ. ಅವರ ಸಮಯ ಎಷ್ಟು, ಹಣ ಎಷ್ಟು. ಯಾರಿಗೆ ಒಳ್ಳೆಯದಾಗುತ್ತದೆ, ಎಷ್ಟು. ಸುಮ್ನೆ ಇದ್ದರೆ ಏನಾಗುತ್ತಿತ್ತು. ಹಣದಲ್ಲಿ ಅಳೆಯಲಾಗದ್ದು ಯಾವುದು. ಕೊನೆಗೆ ಒಬ್ಬ ಅಧಿಕಾರಿಯ ಹೆಸರು, ಸಹಿ. ಐದು ವರ್ಷ ಬಿಟ್ಟು ಆ ಎರಡು ಪುಟ ತೆಗೆದು, ಅಂದುಕೊಂಡದ್ದು ಎಷ್ಟು ನಿಜವಾಯಿತು ಅಂತ ನೋಡಲು ಅಷ್ಟಿದ್ದರೆ ಆಯಿತು.

ಇದು ಬರುವ ತನಕ ಕಾಯಬೇಕಾಗಿಯೂ ಇಲ್ಲ. ಇನ್ನೊಮ್ಮೆ ನಿಮ್ಮ ಕೆಲಸಕ್ಕೋ ಬದುಕಿಗೋ ತಟ್ಟುವ ಕರಡು ರಾಜ್ಯಪತ್ರದಲ್ಲಿ ಕಂಡರೆ ಅದರಲ್ಲಿ ಆಕ್ಷೇಪಣೆ ಕಳಿಸಬೇಕಾದ ವಿಳಾಸ ಹುಡುಕಿ. ನಿಯಮ ಬೇಕು ಬೇಡ ಅನ್ನುವ ವಾದ ಆಮೇಲೆ ಇರಲಿ. 'ಬಾಧಿತರಾಗುವ ಸಂಭವವಿರುವ ವ್ಯಕ್ತಿಗಳಲ್ಲಿ ನಾನೂ ಒಬ್ಬ' ಅಂತ ಶುರು ಮಾಡಿ. ಇದಕ್ಕೆ ನನಗೆ ತಿಂಗಳಿಗೆ ಇಷ್ಟು ಗಂಟೆ ಹೋಗುತ್ತದೆ, ಇಷ್ಟು ಹಣ ಖರ್ಚಾಗುತ್ತದೆ ಅಥವಾ ಇಷ್ಟು ಉಳಿಯುತ್ತದೆ ಅಂತ ನಿಮ್ಮ ಲೆಕ್ಕ ಬರೆಯಿರಿ. ನನ್ನಂಥವರು ಎಷ್ಟು ಜನ ಇದ್ದೇವೆ ಅಂತ ಇಲಾಖೆ ಎಣಿಸಿದೆಯೇ, ಎಣಿಸಿದ್ದರೆ ಆ ಹಾಳೆ ಕೊಡಿ ಅಂತ ಕೇಳಿ. ಒಂದು ಪ್ರತಿ ನಿಮ್ಮ ಹತ್ತಿರವೂ ಇಟ್ಟುಕೊಳ್ಳಿ.